ಹೇಸದೆ ಕೇಳಬೇಕಾದ ಮಾತು

ಸಂಘದ ಪತ್ರಿಕೆಗೆ ಏನಾದರೂ ಬರೆಯಿರೆಂದು ಸಂಪಾದಕರು ಕೇಳಿದರು. ಮಲಪರೀಕ್ಷೆಯ ಕುರಿತು ಬರೆಯುತ್ತೇವೆಂದೆವು. ತುಸು ಹೊತ್ತು ಸುಮ್ಮನಿದ್ದು, “ಅಡಿಗೆಯ ಪುಟದ ಪಕ್ಕಕ್ಕೆ ಮಾತ್ರ ಹಾಕುವುದಿಲ್ಲ” ಎಂದರು. ಅಷ್ಟು ಒಪ್ಪಿಗೆ ನಮಗೆ ಸಾಕಾಯಿತು.

ಹುಬ್ಬಳ್ಳಿಯ ನಮ್ಮ ದೊಡ್ಡಪ್ಪನವರು ಬಲು ಸಂಕೋಚದ ಮನುಷ್ಯರು. ಮಲದಲ್ಲಿ ರಕ್ತ ಬೀಳುವುದನ್ನು ಎರಡು ವರ್ಷ ಯಾರಿಗೂ ಹೇಳಲಿಲ್ಲ, ದೊಡ್ಡಮ್ಮನಿಗೆ ಕೂಡ. ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಮಜ್ಜಿಗೆ, ಸುವರ್ಣಗಡ್ಡೆ ನಡೆಸಿದರು. ಮುಂಬಯಿಗೆ ನಮ್ಮಲ್ಲಿಗೆ ಕರೆತಂದಾಗ ದೊಡ್ಡ ಕರುಳಿನ ಕ್ಯಾನ್ಸರು ಯಕೃತ್ತಿಗೆ ಹಬ್ಬಿತ್ತು. ಎಂಟು ತಿಂಗಳು ಇದ್ದರು. “ಇಂಥಾದ್ದು ಯಾರ ಮುಂದ ಹೇಳೂದಪಾ?” ಎಂದು ನಮ್ಮನ್ನೇ ಕೇಳಿದ್ದರು.

ಆ ಮೇಲೆ ನಾವು ಈ ವಿಷಯ ಓದತೊಡಗಿದೆವು. (ನಾವು ಬಿ.ಎ. ಆದ ಗುಮಾಸ್ತರು, ವೈದ್ಯರಲ್ಲ.) ಕರುಳಿನ ಒಳಪೊರೆ ಹಳೆಯ ಜೀವಕೋಶಗಳನ್ನು ದಿನವೂ ಉದುರಿಸುತ್ತದೆ. ಗಡ್ಡೆಯಿದ್ದರೆ ಅದರ ಕೋಶಗಳೂ, ಅವುಗಳೊಳಗಿನ ಕೆಟ್ಟ ಡಿಎನ್‌ಎಯೂ ಮಲದೊಡನೆ ಹೊರಬೀಳುತ್ತವೆ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಒಳಗಿನ ಶಾಖೆಯಿಂದ ದಿನವೂ ಬೆಳಿಗ್ಗೆ ಟಪಾಲು ಬರುತ್ತದೆ. ನಾವು ಒಡೆದು ನೋಡದೆ ನೀರು ಸುರಿದು ಕಳಿಸುತ್ತೇವೆ!

ಆ ಟಪಾಲನ್ನು ಓದಲು ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯ ಡೇವಿಡ್ ಆಲ್‌ಕ್ವಿಸ್ಟ್ ವರ್ಷಗಟ್ಟಲೆ ದುಡಿದರು. ಅದರ ಫಲವಾದ ‘ಕೊಲೊಗಾರ್ಡ್’ ಪರೀಕ್ಷೆಗೆ 2014ರಲ್ಲಿ ಅಲ್ಲಿನ ಸರಕಾರದ ಒಪ್ಪಿಗೆ ದೊರೆಯಿತು. ಮನೆಯಲ್ಲೇ ಡಬ್ಬಿಯಲ್ಲಿ ಹಿಡಿದು ಪ್ರಯೋಗಶಾಲೆಗೆ ಕಳಿಸಿದರಾಯಿತು. ಉಪವಾಸ ಬೇಡ, ಭೇದಿಯ ಔಷಧ ಬೇಡ. ಕೆಆರ್‌ಎಎಸ್ ಎಂಬ ವಂಶವಾಹಿಯಲ್ಲಿನ ಮಾರ್ಪಾಟು, ಬೇರೆರಡು ವಂಶವಾಹಿಗಳಿಗೆ ಅಂಟಿಕೊಂಡ ಮೀಥೈಲ್ ಗುರುತು, ಜೊತೆಗೆ ಕಣ್ಣಿಗೆ ಕಾಣದ ರಕ್ತ, ಇಷ್ಟನ್ನು ಅಲ್ಲಿ ಹುಡುಕುತ್ತಾರೆ. ಅದೇ ವರ್ಷ ಪ್ರಕಟವಾದ, ಸುಮಾರು 10,000 ಜನರ ಅಧ್ಯಯನದಲ್ಲಿ ಇದು ಕ್ಯಾನ್ಸರಿದ್ದವರಲ್ಲಿ ನೂರಕ್ಕೆ 92 ಮಂದಿಯನ್ನು ಗುರುತಿಸಿತು. ರಕ್ತವನ್ನಷ್ಟೇ ಹುಡುಕುವ ಅಗ್ಗದ ಪರೀಕ್ಷೆ 74 ಮಂದಿಯನ್ನು. ಆದರೆ ಮುಂದೆ ಕ್ಯಾನ್ಸರಾಗಬಹುದಾದ ಗಂಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದರ ಕಣ್ಣಿಗೂ ಬೀಳಲಿಲ್ಲ. ಏನೂ ಇಲ್ಲದ ಕೆಲವರನ್ನು ಸುಮ್ಮನೆ ಹೆದರಿಸಿದ್ದೂ ಉಂಟು. ಗುರುತು ಸಿಕ್ಕರೆ, ನಳಿಗೆ ತೂರಿಸಿ ಕರುಳನ್ನೇ ನೋಡುವ ಕೊಲೊನೊಸ್ಕೊಪಿ ತಪ್ಪಿದ್ದಲ್ಲ.

ಇನ್ನೊಂದು ಮಾತು. ಇದು 45 ದಾಟಿದ, ಯಾವ ತೊಂದರೆಯೂ ಇಲ್ಲದವರಿಗಾಗಿ ಇರುವ ಪರೀಕ್ಷೆ. ರಕ್ತ ಕಂಡವರು ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ದೊಡ್ಡಪ್ಪನವರಿಗೆ ಈ ಡಬ್ಬಿ ಬೇಕಿರಲೇ ಇಲ್ಲ. ಬೇಕಿದ್ದುದು ಒಂದು ಮಾತು.

ಒಡಹುಟ್ಟಿದವರಿಗೆ ಅಪಾಯ ಹೆಚ್ಚು, ಅವರಿಗೆ ಕೊಲೊನೊಸ್ಕೊಪಿಯೇ ಸರಿಯೆಂದು ವೈದ್ಯರು ನಮಗೆ ಹೇಳಿದ್ದರು. ಮೊನ್ನೆ ಊರಿನಲ್ಲಿರುವ ನಮ್ಮ ತಂದೆಯವರಿಗೆ ಫೋನು ಮಾಡಿ ಮಾತು ತೆಗೆದೆವು. “ಊಟಾ ಮುಗೀಲಿ, ಆಮ್ಯಾಲ ಹೇಳಪಾ” ಎಂದರು. ಕಾದು, ಹೇಳಿದೆವು. ಮುಂದಿನ ತಿಂಗಳು ಬರುತ್ತಾರೆ.