ಕಾರಿನ ಉಷ್ಣಮಾಪಕ

ನಮ್ಮ ಹಳೆಯ ಕಾರಿನ ಎಂಜಿನ್ ಕಾದುದನ್ನು ತಿಳಿಸಲು ಇದ್ದುದು ಒಂದು ಕೆಂಪು ದೀಪ ಮಾತ್ರ. ನೀರು ಮಿತಿಮೀರಿ ಕಾದ ಮೇಲೆಯೇ ಅದು ಹೊತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಎಂಜಿನ್ನಿನ ಹೆಡ್ಡು ಸೊಟ್ಟಗಾದರೂ ಆಗಬಹುದು. ತಿಂಗಳಿಗೊಮ್ಮೆ ತಾಯಿಯವರನ್ನು ಕೃಷ್ಣರಾಜಪೇಟೆಯಿಂದ ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ ನನಗೆ, ಪಾಂಡವಪುರ, ಶ್ರೀರಂಗಪಟ್ಟಣಗಳ ನಡುವಿನ ಗದ್ದೆಬಯಲಿನಲ್ಲಿ ಕಾರು ನಿಂತರೇನು ಗತಿ ಎಂಬ ಚಿಂತೆ ತಪ್ಪಿರಲಿಲ್ಲ.

ಪಾಂಡವಪುರದ ಮೇಸ್ತ್ರಿಯೊಬ್ಬರು ಉಷ್ಣಮಾಪಕವೊಂದನ್ನು ಜೋಡಿಸಿಕೊಟ್ಟರು. ಎಂಜಿನ್ ಪೂರ್ಣವಾಗಿ ಆರುವವರೆಗೆ ಅವರು ರೇಡಿಯೇಟರಿನ ಮುಚ್ಚಳವನ್ನು ಮುಟ್ಟಲಿಲ್ಲ. ಒಳಗಿನ ಒತ್ತಡಕ್ಕೆ ಕುದಿನೀರು ಮುಖಕ್ಕೆ ಚಿಮ್ಮೀತು! ಬಳಿಕ ನೀರಿಳಿಸಿ, ಥರ್ಮೋಸ್ಟಾಟ್ ಕವಾಟ ಮುಚ್ಚಿದ್ದಾಗಲೂ ಎಂಜಿನ್ನಿನ ನೀರು ತಾಗುವೆಡೆಯಲ್ಲಿ ಸೆನ್ಸರನ್ನು ತಿರುಗಿಸಿ ಕೂಡಿಸಿದರು. ನೀರು ಕಾದಂತೆಲ್ಲ ಸೆನ್ಸರಿನ ವಿದ್ಯುತ್ ರೋಧ ಕುಗ್ಗುತ್ತದೆ, ಮುಳ್ಳು ಮೇಲೇರುತ್ತದೆ. ಸೆನ್ಸರಿನ ತಿರುಪಿಗೆ ದಪ್ಪನಾಗಿ ಟೇಪು ಸುತ್ತಹೊರಟ ಹುಡುಗನನ್ನು ಮೇಸ್ತ್ರಿ ತಡೆದರು. ಆ ತಿರುಪು ಎಂಜಿನ್ನಿನ ಲೋಹವನ್ನು ಮುಟ್ಟಿದರಷ್ಟೇ ವಿದ್ಯುತ್ತು ಹರಿಯುವುದು.

ಈಗ ಮುಳ್ಳು ಬಹುಮಟ್ಟಿಗೆ 80ರಿಂದ 90 ಡಿಗ್ರಿಗಳ ನಡುವೆ ನಿಲ್ಲುತ್ತದೆ. ಮೇಲುಕೋಟೆಯ ಬೆಟ್ಟವೇರುವಾಗ ಮಾತ್ರ ಮೇಲಕ್ಕೆ ಸರಿಯುತ್ತದೆ. ನಾನೂ ನಡುವೆ ಮರದ ನೆರಳಿನಲ್ಲಿ ನಿಲ್ಲುತ್ತೇನೆ.

“ನೀರೆಲ್ಲ ಸೋರಿಹೋದರೆ ಮುಳ್ಳೂ ಸುಳ್ಳು ಹೇಳುತ್ತೆ ಸ್ವಾಮಿ” ಎಂದಿದ್ದರು ಮೇಸ್ತ್ರಿ. ನೀರಿನಿಂದ ಹೊರಗುಳಿದ ಸೆನ್ಸರು ನಿಜವಾದ ಕಾವನ್ನು ಅರಿಯದು. ಆದುದರಿಂದ ಪ್ರತಿ ಮುಂಜಾನೆ, ಎಂಜಿನ್ ತಣ್ಣಗಿರುವಾಗಲೇ, ನೀರಿನ ಮಟ್ಟ ನೋಡುತ್ತೇನೆ. ನಾಗಮಂಗಲದ ನಂಟರಿಗೆ ಇದೊಂದು ತಮಾಷೆ.