ಡೇರಿ ವೃತ್ತದ ಹತ್ತಿರ ಎರಡೂವರೆ ವರ್ಷ

ಬೆಂಗಳೂರಿನ ಲಾಲ್‌ಬಾಗ್ ಕಡೆಯಿಂದ ಡೇರಿ ವೃತ್ತದತ್ತ ಹೋಗುವ ರಸ್ತೆಗೆ ತೋಟಗಾರಿಕೆ ತಜ್ಞ ಡಾ. ಎಂ.ಎಚ್. ಮರಿಗೌಡರ ಹೆಸರಿದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇರುವುದು ಈ ರಸ್ತೆಯಲ್ಲೇ. ರಾಯಚೂರು, ಕಲಬುರಗಿ, ಚಾಮರಾಜನಗರದಿಂದ ರಾತ್ರಿ ಬಸ್ಸು ಹಿಡಿದು ಬಂದವರು ಬೆಳಗಾಗುವ ಹೊತ್ತಿಗೇ ಚೀಟಿಗಾಗಿ ಸಾಲಿನಲ್ಲಿರುತ್ತಾರೆ.

ನಮ್ಮ ಶಾಲೆಯ ಏಳನೇ ತರಗತಿಯ ಹುಡುಗನೊಬ್ಬನ ಜೊತೆ ನಾನು ಇಲ್ಲಿಗೆ ಮೂರು ಸಲ ಹೋಗಿದ್ದೇನೆ. ಮಕ್ಕಳ ವಿಭಾಗದ ಮುಂದೆ ಮೌನವಿರಬಹುದೆಂದುಕೊಂಡಿದ್ದೆ. ಇಲ್ಲ. ಕೂದಲುದುರಿದ ತಲೆ, ಮುಖಕ್ಕೆ ಮಾಸ್ಕ್, ಆದರೂ ಬೆಂಚಿನ ಕೆಳಗೆ ಆಟದ ಕಾರು ಓಡುತ್ತಲೇ ಇರುತ್ತದೆ. ಮೌನವಾಗಿರುವವರು ತಂದೆತಾಯಿಯರು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ; ಅದರಲ್ಲಿ ಫೈಲು, ರೇಷನ್ ಕಾರ್ಡು, ಬುತ್ತಿ.

ಹುಡುಗನದು ರಕ್ತದ ಕ್ಯಾನ್ಸರ್. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಅವನಿಗೆ ಕೊಡುವ ಮದ್ದುಗಳಲ್ಲಿ ವಿನ್‌ಕ್ರಿಸ್ಟಿನ್ ಒಂದು. ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದ ಬೇರ್ಪಡಿಸಿದ ವಸ್ತು ಅದು. (ಎಲೆ ಅರೆದು ಕುಡಿಸಲು ಹೋಗಬೇಡಿ, ಗಿಡ ವಿಷ.) ಇನ್ನೊಂದು ಮೆಥೊಟ್ರೆಕ್ಸೇಟ್. ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ನಡೆಸಿದ ಸಂಶೋಧನೆಯಿಂದ ಬಂದದ್ದು. ನಮ್ಮ ಪಠ್ಯಪುಸ್ತಕಗಳು ಅವರಿಗೆ ಇನ್ನಷ್ಟು ಜಾಗ ಕೊಡಬಹುದಿತ್ತು.

ಅಲ್ಲಿ ಪಕ್ಕದಲ್ಲಿ ಕೂತಿದ್ದ ತಾಯಿಯೊಬ್ಬರು ಹೇಳಿದರು: "ಒಂದ್ ತಿಂಗಳಿಗೇ ನನ್ ಮಗ ಆರಾಮಾದ ನೋಡ್ರಿ ಸರ್. ಇನ್ಯಾಕ ಇಷ್ಟ್ ದೂರ ಬರೂದು ಅಂತಾರ ಇವ್ರ ಅಪ್ಪ."

ಅಪಾಯ ಇರುವುದು ಈ ಮಾತಿನಲ್ಲೇ. ರೋಗ ಪತ್ತೆಯಾಗುವಾಗ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ರೋಗಕಣಗಳಿರುತ್ತವೆ. ಮೊದಲ ತಿಂಗಳ ಮದ್ದಿಗೆ ನೂರಕ್ಕೆ ತೊಂಬತ್ತೊಂಬತ್ತು ಸತ್ತವೆನ್ನಿ. ಜ್ವರ ಬಿಡುತ್ತದೆ, ಮಗು ಉಣ್ಣುತ್ತದೆ. ಉಳಿದದ್ದೆಷ್ಟು? ಸಾವಿರ ಕೋಟಿ! ಅವು ಮತ್ತೆ ಬೆಳೆಯದಂತೆ ಎರಡು-ಮೂರು ವರ್ಷ ಮದ್ದು ನಡೆಯಲೇಬೇಕು. ಈ ಹುಡುಗನಿಗೆ ಹೇಳಿರುವುದು ಎರಡೂವರೆ ವರ್ಷ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಹಾಗಾಗದಿರಲು ಚಿಕಿತ್ಸೆಯನ್ನು ನಡುವೆ ಬಿಡುವುದೂ ಒಂದು ಕಾರಣ.

ಬಿಡುವವರು ಮೈಗಳ್ಳರಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಚಿಕಿತ್ಸೆಯ ವೆಚ್ಚ ನೋಡಿಕೊಂಡೀತು. ತಪ್ಪಿದ ಕೂಲಿಯನ್ನು ಯಾರು ಕೊಡುತ್ತಾರೆ? ಊರಲ್ಲಿ ಉಳಿದ ಇನ್ನೊಂದು ಮಗುವಿಗೆ ಅನ್ನ ಬೇಯಿಸುವವರಾರು? ಆವರಣದಲ್ಲಿರುವ ಧರ್ಮಶಾಲೆಯನ್ನು ನಾನು ಔಷಧವೆಂದೇ ಎಣಿಸುತ್ತೇನೆ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ರೋಗಿಗೂ ಜೊತೆಗಿರುವ ಒಬ್ಬರಿಗೂ ದರದಲ್ಲಿ ರಿಯಾಯಿತಿ ಇದೆ; ಆಸ್ಪತ್ರೆಯ ಪ್ರಮಾಣಪತ್ರ ಪಡೆಯಬೇಕು.

ಹುಡುಗ ಈಗ ವಾರಕ್ಕೆ ಮೂರು ದಿನ ಶಾಲೆಗೆ ಬರುತ್ತಾನೆ. ಪಕ್ಕ ಕೂತರೆ ಈ ಕಾಯಿಲೆ ಅಂಟುವುದಿಲ್ಲವೆಂದು ಮಕ್ಕಳಿಗೆ ಒಂದೇ ಪಾಠದಲ್ಲಿ ತಿಳಿಯಿತು. ದೊಡ್ಡವರಿಗೆ ನಾಲ್ಕು ಸಭೆ ಬೇಕಾದವು. ನಿಜವಾದ ಭಯ ತಿರುಗುಮುರುಗು: ನಮ್ಮ ಮಕ್ಕಳ ಸೋಂಕು ಅವನಿಗೆ ತಗಲುವುದು. ಆದ್ದರಿಂದ ತರಗತಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಎದ್ದರೆ ಪೋಷಕರು ಮುಚ್ಚಿಡದೆ ಅಂದೇ ಶಾಲೆಗೆ ತಿಳಿಸಬೇಕೆಂದು ಹೇಳಿದ್ದೇವೆ. ಅವನ ತಾಯಿಯ ಫೋನ್ ನಂಬರು ಸ್ಟಾಫ್ ರೂಮಿನ ಕಪಾಟಿನ ಮೇಲೆ ಅಂಟಿಸಿದೆ.