ಉಗಾದಿ ಬೇಟೆಗೆ ನಾವೂ ಹೋಗಿದ್ವಿ

ಈ ಉಗಾದಿಗೆ ಮಗಳು, ಅಳಿಯ, ಮೊಮ್ಮಗ ಬಂದಿದ್ರು. ನಾನು ಹೂರಣ ರುಬ್ಬೋ ಗಡಿಬಿಡಿಯಾಗಿದ್ರೆ ಮೊಮ್ಮಗ ಅಡಿಗೆಮನಿ ಹೊಸಲ ಮ್ಯಾಲೆ ಕುಂತು ಅವರಮ್ಮನ ಮೊಬೈಲ್ ಹಿಡ್ಕೊಂಡಿದ್ದ. ಹೊಸಲ ಮ್ಯಾಲೆ ಕೂರಬಾರ್ದು ಅಂತ ಎಷ್ಟು ಸಲ ಹೇಳಿದ್ರೂ ಈಗಿನ ಹುಡುಗ್ರು ಕೇಳಂಗಿಲ್ಲ ಬಿಡ್ರಿ.

"ಅಜ್ಜಿ, ಜಗಳೂರಲ್ಲಿ ನಾಲ್ಕು ಕೊಂಬಿನ ಜಿಂಕೆ ಇದೆಯಂತೆ! ಅದು ನಿನ್ನ ತವರಲ್ವಾ? ನೀನು ನೋಡಿದೀಯಾ?" ಅಂದ.

"ನೋಡೀನಿ" ಅಂದೆ.

"ಓಡ್ತಿತ್ತಾ?"

"ಇಲ್ಲಪ್ಪ. ನಿಂತಿತ್ತು."

ಅಷ್ಟೇ ಹೇಳಿದ್ದು. ಅಳಿಯಂದ್ರು ಎದುರಿಗೇ ಕುಂತಿದ್ರು, ಮುಂದಕ್ಕೆ ಹೇಳಾಕೆ ಬಾಯಿ ಬರ್ಲಿಲ್ಲ. ರಾತ್ರಿ ಮಾತ್ರ ನಿದ್ದೆ ಹತ್ಲಿಲ್ಲ. ಅಡಿಗೆ, ಉಪ್ಪಿನಕಾಯಿ ಅಂತ ಏನೇನೋ ಬರದೀನಿ, ಇದೊಂದನ್ನ ಯಾರ ಮುಂದೆನೂ ಪೂರ್ತಿ ಹೇಳಿಲ್ಲ.

ನಮ್ಮ ತವರಿನ ಕಡೆ ಅದಕ್ಕೆ ಜಿಂಕೆ ಅನ್ನಂಗಿಲ್ಲ, ಕೊಂಡುಕುರಿ ಅಂತಾರೆ. ಎರಡಡಿ ಎತ್ತರ, 20 ಕೆಜಿ ಆಸುಪಾಸು ತೂಗುತ್ತೆ. ಗಂಡಿಗೆ ಮಾತ್ರ ಕೋಡು. ಹಿಂದಿನ ಜೋಡಿ ಗೇಣಿಗೂ ಕಮ್ಮಿ, ಮುಂದಿನ ಜೋಡಿ ಹೆಬ್ಬೆಟ್ಟಿನಷ್ಟೂ ಇರಂಗಿಲ್ಲ, ಕೆಲವಕ್ಕೆ ಬರೀ ಗಂಟಿನಂಗೆ ಕಾಣ್ತಾವೆ. ಹಿಂಡು ಕಟ್ಟಂಗಿಲ್ಲ. ಒಂಟಿ ಇರ್ತಾವೆ, ಇಲ್ಲಾ ಜೋಡಿ, ಇಲ್ಲಾ ತಾಯಿ ಮರಿ. ನಮ್ಮ ದೇಶ ಮತ್ತೆ ನೇಪಾಳ ಬಿಟ್ರೆ ಬೇರೆ ಎಲ್ಲೂ ಅಡವಿಯಾಗ ಸಿಗಂಗಿಲ್ಲ. ಅದಕ್ಕೇ 2011ರಾಗ ಸರ್ಕಾರ ರಂಗಯ್ಯನದುರ್ಗದ ಅಡವಿನ ಕೊಂಡುಕುರಿ ವನ್ಯಧಾಮ ಅಂತ ಮಾಡೈತಿ, 77 ಚದರ ಕಿಲೋಮೀಟರು. ನಾವು ಸಣ್ಣೋರಿದ್ದಾಗ ಅದಕ್ಕೆ ಹೆಸರಿರ್ಲಿಲ್ಲ, "ಅಡವಿ" ಅಷ್ಟೇ.

ನಮ್ದು ನಾಯಕರ ಮನೆತನ. ಉಗಾದಿ ಆಗಿ ಕರಿ ದಿನ ಗಂಡಸರು ಬೇಟೆಗೆ ಹೋಗೋದು ಅಜ್ಜನ ಕಾಲದಿಂದ ನಡ್ಕೊಂಡು ಬಂದಿತ್ತು. ಬಲೆ, ನಾಯಿ, ದೊಣ್ಣೆ ತಗಂಡು ಊರಿನ ಗಂಡಸರೆಲ್ಲ ಹೋಗಿ ಮೊಲ ಗಿಲ ಹೊಡ್ಕೊಂಡು ಬರೋರು. 1972ರಾಗೇ ಕಾನೂನು ಬಂದಿದ್ರೂ ನಮ್ಮೂರಿಗೆ ಅದು ಗೊತ್ತಿದ್ದು ಯಾವಾಗಲಾದ್ರೂ ಬರೋ ಗಾರ್ಡಿನ ಸೈಕಲ್ಲಿನಿಂದ. ಈಗಾದ್ರೆ ಕೊಂಡುಕುರಿ ಹೊಡೆದವರಿಗೆ 3 ವರ್ಷಕ್ಕೆ ಕಮ್ಮಿ ಇಲ್ಲದಂಗೆ ಜೈಲು, 7 ವರ್ಷದ ತನಕಾನೂ ಹಾಕ್ತಾರೆ. ಅಪ್ಪ ತೀರ್ಕೊಂಡು ಬಾಳ ವರ್ಷ ಆತು, ಅದಕ್ಕೇ ಧೈರ್ಯ ಮಾಡಿ ಬರೀತಿದೀನಿ.

ಆಗ ನಾನು ಆರನೇ ಕ್ಲಾಸು, ತಮ್ಮ ನಾಕನೇದು. ಆ ವರ್ಷ ಮಳೆ ಕೈಕೊಟ್ಟಿತ್ತು. ಇಲ್ಲಿ ಸಾಸ್ವೆಹಳ್ಳಿ ಕಡೆ ಗದ್ದೆ, ಅಡಿಕೆ ತೋಟ ನೋಡ್ಕೊಂಡು ಬೆಳೆದೋರಿಗೆ ಅದು ತಿಳಿಯಂಗಿಲ್ಲ. ನಾನು ಮದುವಿಯಾಗಿ ಇಲ್ಲಿಗೆ ಬಂದ ಹೊಸದರಾಗ, ನಮ್ಮತ್ತಿ ಪಾತ್ರೆ ತೊಳೆದ ನೀರು ಹಂಗೇ ಚೆಲ್ಲಿದ್ದು ನೋಡಿ ನನಗೆ ಕೈಕಾಲೇ ಆಡ್ಲಿಲ್ಲ. ನಮ್ಮಲ್ಲಿ ಆ ನೀರು ಎಮ್ಮಿಗೆ. ಆ ವರ್ಷ ಜ್ವಾಳ ಕಾಳು ಕಟ್ಟಿರ್ಲಿಲ್ಲ, ಎಮ್ಮಿನೂ ಮಾರಾಗಿತ್ತು.

ಇನ್ನೊಂದೇನಂದ್ರೆ ಅಪ್ಪಗೆ ಹೊತ್ತು ಮುಳುಗಿದ ಮ್ಯಾಲೆ ಕಣ್ಣು ಕಾಣ್ತಿರ್ಲಿಲ್ಲ. ಇರುಳುಗಣ್ಣು. ಯಾರಿಗೂ ಹೇಳಿರ್ಲಿಲ್ಲ, ಅವ್ವಗೂ ಹೇಳಿರ್ಲಿಲ್ಲ. ಹೆಂಗಸರಿಗೆ ಹೇಳ್ಬೇಕೇನು? ಕತ್ತಲಾದ್ರೆ ಅಪ್ಪ ಜಗಲಿ ಬಿಟ್ಟು ಏಳ್ತಿರ್ಲಿಲ್ಲ. ಎದ್ರೆ ಗ್ವಾಡಿ ಸವರ್ಕೊಂಡು ಒಳಗೆ ಬರೋನು. ಉಗಾದಿ ಚಂದ್ರನ್ನ ನೋಡಾಕೆ ಊರೆಲ್ಲ ಹೊರಗೆ ನಿಂತಾಗ ಅಪ್ಪನೂ ಎಲ್ಲರ ಜೊತಿಗೆ "ಕಂಡ, ಕಂಡ" ಅಂತ ಕೈ ಮುಗಿದ. ಚಂದ್ರ ಇದ್ದಿದ್ದು ಬೇವಿನ ಮರದ ಎಡಕ್ಕೆ, ಅಪ್ಪ ಕೈ ಮುಗಿದಿದ್ದು ಬಲಕ್ಕೆ. ಅವ್ವ ನನ್ನ ಮಕ ನೋಡಿದ್ಲು. ನಾನು ಅವಳ ಮಕ ನೋಡಿದೆ. ಇಬ್ಬರೂ ಬಾಯಿ ಬಿಡ್ಲಿಲ್ಲ.

ಮರುದಿನ ಅಪ್ಪ ಊರೋರ ಜೊತಿಗೆ ಹೋಗ್ಲಿಲ್ಲ. ಒಬ್ರ ಮನಿಯಿಂದ ಬಂದೂಕು ಕೇಳಿ ತಂದಿದ್ದ. "ಮಗಗೆ ಬೇಟೆ ಕಲಿಸ್ತೀನಿ, ಈ ವರ್ಷ ಕರ್ಕೊಂಡು ಹೋಗ್ಲೇಬೇಕು" ಅಂದ. ತಮ್ಮ ಮೊದಲೇ ಪುಕ್ಕಲ, "ಅಕ್ಕ ಬಂದ್ರೆ ಬರ್ತೀನಿ" ಅಂತ ಹಟ ಹಿಡಿದ. ಹೆಣ್ಮಗಳು ಬೇಟೆಗೆ ಹೋಗೋದುಂಟೇನು ಅಂತ ಅಜ್ಜಿ ಬೈದ್ಲು. ಅವ್ವ ಮಾತ್ರ ಸುಮ್ಮನೆ ನನ್ನ ಕೈಗೆ ಬುತ್ತಿ ಕೊಟ್ಲು. ಎರಡು ಜ್ವಾಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಕಿವಿಯಾಗ "ಬರೋವಾಗ ಅಪ್ಪನ ಕೈ ಹಿಡ್ಕೋ" ಅಂದ್ಲು. ನನ್ನನ್ನ ಯಾಕೆ ಕಳಿಸಿದ್ಲು ಅಂತ ಆಗ ತಿಳೀತು.

ಬಿಸಿಲು ಇಳಿದ ಮ್ಯಾಲೆ ಹೊಂಟ್ವಿ. ಮನಿಯಾಗ ಅಪ್ಪ ಅಂದ್ರೆ ಸಾಲದೋರು ಬಂದಾಗ ಹಿತ್ತಲಕ್ಕೆ ಹೋಗೋ ಮನುಷ್ಯ. ಅಡವಿಯಾಗ ಬ್ಯಾರೇನೇ ಆಗಿದ್ದ. ಚಪ್ಲಿ ಬಿಡಿಸಿದ. ಚಿಟಿಕಿ ಮಣ್ಣು ಮ್ಯಾಲಿಂದ ಉದುರಿಸಿ ಗಾಳಿ ಯಾವ ಕಡಿಗೆ ಬೀಸ್ತೈತಿ ಅಂತ ತೋರಿಸಿದ. ಕಾರೆ ಕಂಟಿ ಪಕ್ಕ ಒಂದು ಹಿಕ್ಕೆ ರಾಶಿ ಇತ್ತು. ಮ್ಯಾಲಿನವು ಹಸಿ, ಕೆಳಗಿನವು ಒಣಗಿ ಪುಡಿ. "ಕೊಂಡುಕುರಿ ದಿನಾ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕ್ತೈತಿ. ನೀರು ಬಿಟ್ಟು ದೂರ ಇರಂಗಿಲ್ಲ. ಬ್ಯಾಸಿಗ್ಯಾಗ ನೀರಿಗೆ ಬಂದೇ ಬರ್ತೈತಿ" ಅಂದ. ಅಪ್ಪ ನಮ್ಮ ಜೊತಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅವನ ಬೆನ್ನ ಹಿಂದೆ ಹೋಗಾಕೆ ನನಗೆ ಎಷ್ಟು ಖುಷಿ ಅಂತೀರಿ, ಜಾತ್ರಿಗೆ ಹೋದಂಗೆ.

ಬಂಡೆ ಸಂದಿನಾಗ ಒಂದು ದೊಣೆ, ತಳದಾಗ ಇಷ್ಟೇ ಇಷ್ಟು ನೀರು. ಕಮರದ ಮರದ ಮರೆಗೆ ಕುಂತ್ವಿ. ಅಪ್ಪ ನಡುವೆ, ತಮ್ಮ ಬಲಕ್ಕೆ, ನಾನು ಎಡಕ್ಕೆ.

"ಲೇ ತಮ್ಮಾ, ಬಂದ ಕೂಡ್ಲೇ ತಲಿ ನೋಡ್ಬೇಕು. ಕೋಡಿದ್ರೆ ಗಂಡು, ನನ್ನ ತೊಡಿ ಚಿವುಟು. ಕೋಡಿಲ್ಲ ಅಂದ್ರೆ ಹೆಣ್ಣು, ಸುಮ್ನಿರು. ಹೆಣ್ಣು ಹೊಡಿಯಂಗಿಲ್ಲ" ಅಂದ. ನನಗೆ, "ನೀನು ಉಸಿರೂ ಬಿಡಬ್ಯಾಡವ್ವಾ" ಅಂದ.

ಹೊತ್ತು ಮುಳುಗ್ತು. ಕೆಂಪು ಇನ್ನೂ ಇತ್ತು. ಯಾವಾಗ ಬಂತೋ ತಿಳೀಲಿಲ್ಲ, ನೋಡಿದ್ರೆ ಬಂಡೆ ಪಕ್ಕ ನಿಂತೈತಿ. ಮುಂಗಾಲು ಎತ್ತಿಡ್ತು, ನಿಲ್ತು. ಕಿವಿ ತಿರುಗಿಸ್ತು. ತಲಿ ನನ್ನ ಕಡಿಗೇ ಇತ್ತು. ಎರಡು ಕಿವಿ ನಡುವೆ ನುಣ್ಣಗೆ, ಏನೂ ಇರ್ಲಿಲ್ಲ. ನನಗೆ ಚೆನ್ನಾಗಿ ಕಂಡ್ತು.

ಅಪ್ಪ ಬಂದೂಕು ಆ ಕಡಿಗೆ ಹಿಡಿದಿದ್ದ, ಆದ್ರೆ ಕಣ್ಣು ಚಂದ್ರನ್ನ ನೋಡಿದಂಗೇ ಇದ್ವು. ಅಷ್ಟು ಕತ್ತಲಿನಾಗ ಅವನಿಗೆ ಏನೋ ಮಸುಕಾಗಿ ಕಂಡಿರ್ಬೇಕು, ಕೋಡು ಎಲ್ಲಿ ಕಾಣ್ಬೇಕು. ಉಸಿರಿನಾಗೇ "ಐತೇನೋ?" ಅಂದ. ತಮ್ಮ ಮಾತಾಡ್ಲಿಲ್ಲ. ಮತ್ತೆ "ಐತೇನೋ ತಮ್ಮಾ?" ಅಂದ. ತಮ್ಮನ ಕೈ ಅಪ್ಪನ ತೊಡಿ ಮ್ಯಾಲೆ ಬಂದಿದ್ದು ನೋಡಿದೆ. ಚಿವುಟಿದ.

ನಾನು ಹೇಳಬೋದಿತ್ತು. ಕೆಮ್ಮಿದ್ರೂ ಸಾಕಿತ್ತು. ಕೇಳಿದ್ದು ನನ್ನನ್ನಲ್ಲ ಅಂತ ಸುಮ್ಮನಿದ್ದೆ. ಬಾಯಿ ಬಿಟ್ರೆ "ಇದಕ್ಕೇ ಹೆಣ್ಮಕ್ಕಳನ್ನ ಕರ್ಕೊಂಡು ಬರಬಾರ್ದು" ಅಂತಾನೆ, ಮತ್ತೆ ಯಾವತ್ತೂ ಕರಿಯಂಗಿಲ್ಲ ಅಂತ ಅನ್ನಿಸ್ತು. ಇಷ್ಟೆಲ್ಲ ಒಂದು ಕಣ್ಣು ರೆಪ್ಪೆ ಹೊಡಿಯೋದ್ರಾಗೆ.

ಶಬ್ದಕ್ಕೆ ನನ್ನ ಕಿವಿ ಗುಂಯ್ ಅಂತು. ಅಪ್ಪ ಎದ್ದು ಕೈ ಮುಂದೆ ಚಾಚ್ಕೊಂಡು ನಡ್ಕೊಂಡು ಹೋದ, ನಾವು ಹಿಂದೆ. ಬಗ್ಗಿ ಕುಂತು ಅದರ ಕುತ್ತಿಗಿ ಮುಟ್ಟಿದ, ಕಿವಿ ಮುಟ್ಟಿದ. ಆಮೇಲೆ ಬೆರಳಿನಿಂದ ಹಣಿ ಸವರಿದ. ಹಿಂದಕ್ಕೆ ಮುಂದಕ್ಕೆ ಎರಡು ಮೂರು ಸಲ ಸವರಿದ, ಅವ್ವ ಅಕ್ಕಿಯಾಗ ಕಲ್ಲು ಹುಡುಕಿದಂಗೆ. ತಮ್ಮಗೆ ಬೈತಾನೆ ಅಂತ ನಾನು ಕಾಯ್ಕೊಂಡು ನಿಂತೆ. ಬೈಲಿಲ್ಲ. "ಹೊತ್ತಾತು, ನಡೀರಿ" ಅಂದ.

ಆಗ ಬಂಡೆ ಆ ಕಡಿಯಿಂದ ಮರಿ ಬಂತು. ಅರ್ಧ ಬೆಳೆದಿತ್ತು, ಹಾಲು ಬಿಟ್ಟಿರ್ಬೇಕು. ಓಡಿ ಹೋಗ್ಲಿಲ್ಲ. ನಾಕು ಮಾರು ದೂರದಾಗ ನಿಂತು ನಮ್ಮನ್ನೇ ನೋಡ್ತಿತ್ತು. ನಾನು ನೋಡಿದೆ, ತಮ್ಮ ನೋಡಿದ. ಅಪ್ಪ ಅದರ ಕಡಿಗೇ ಮಕ ಮಾಡಿ ತಾಯಿ ಕಾಲು ಕಟ್ಟುತಿದ್ದ. ಅವನಿಗೆ ಕಾಣ್ಲಿಲ್ಲ. ನಾವು ಹೇಳ್ಲಿಲ್ಲ. ಮೊಮ್ಮಗನಿಗೆ ನಿಂತಿತ್ತು ಅಂದೆನಲ್ಲ, ಅದು ಈ ಮರಿ.

ಬರೋವಾಗ ಅಪ್ಪನ ಕೈ ಹಿಡ್ಕೊಂಡೆ. "ಮುಳ್ಳೈತಿ ಈ ಕಡಿ ಬಾ, ಕಲ್ಲೈತಿ ನೋಡು" ಅಂತ ಹೇಳ್ಕೋತ ಬಂದೆ. ಹೆಗಲ ಮ್ಯಾಲೆ ಅದು. ತಮ್ಮ ಬಂದೂಕು ಹೊತ್ಕೊಂಡು ಮುಂದೆ ಮುಂದೆ ನಡೆದ, ತಿರುಗಿ ನೋಡ್ಲಿಲ್ಲ.

ರಾತ್ರಿನೇ ಪಾಲಾತು. ಬಂದೂಕಿನೋರಿಗೆ ಒಂದು ತೊಡಿ, ಅಕ್ಕಪಕ್ಕದ ನಾಕು ಮನಿಗೆ ಒಂದೊಂದು ಪಾಲು. ಯಾರಾದ್ರೂ ಕೇಳಿದ್ರೆ ಕುರಿ ಅನ್ರಿ ಅಂತ ಅಜ್ಜಿ ಹೇಳಿದ್ಲು. ಅವ್ವ ಮಾತ್ರ ಯಾರಿಗೂ ಕೊಡದಂಗೆ ಕಾರ್ಜ ತೆಗೆದಿಟ್ಟು ಕೆಂಡದ ಮ್ಯಾಲೆ ಸುಟ್ಟು ಅಪ್ಪಗೆ ಕೊಟ್ಲು. "ಕಣ್ಣಿಗೆ ಒಳ್ಳೇದಂತೆ, ತಿನ್ರಿ" ಅಂದ್ಲು. ಅಪ್ಪ ತಲಿ ಎತ್ತಿ ಅವಳನ್ನ ನೋಡಿದ. ಅವಳಿಗೆ ಗೊತ್ತೈತಿ ಅಂತ ಅವನಿಗೆ ಗೊತ್ತಾಗಿದ್ದು ಆಗ. ಈಗ ಅಂಗನವಾಡಿಯಾಗ ಹೇಳ್ತಾರಲ್ಲ, ಇರುಳುಗಣ್ಣಿಗೆ ವಿಟಮಿನ್ ಎ ಬೇಕು, ಕಾರ್ಜ, ನುಗ್ಗೆಸೊಪ್ಪು, ಹಳದಿ ಕುಂಬಳಕಾಯಿ ತಿನ್ನಿಸ್ರಿ ಅಂತ. ಅವ್ವಗೆ ಹೆಸರು ಗೊತ್ತಿರ್ಲಿಲ್ಲ ಅಷ್ಟೇ. ಮರುವಾರದಿಂದ ದಿನಾ ನುಗ್ಗೆಸೊಪ್ಪಿನ ಪಲ್ಯ, ನುಗ್ಗೆಸೊಪ್ಪಿನ ಸಾರು. ನಮಗೆ ಸಾಕುಸಾಕಾತು. ಒಂದೆರಡು ತಿಂಗಳಿಗೆ ಅಪ್ಪ ಗ್ವಾಡಿ ಹಿಡಿಯೋದು ಬಿಟ್ಟ. ಬಂದೂಕು ಮಾತ್ರ ಮತ್ತೆ ಯಾವತ್ತೂ ಕೇಳಿ ತರ್ಲಿಲ್ಲ.

ತಮ್ಮ ಅವತ್ತಿನಿಂದ ಬಾಡು ಮುಟ್ಲಿಲ್ಲ. ಬೀಗರ ಮನಿಯಾಗ ಅವನೊಬ್ಬನಿಗೆ ಬದನಿಕಾಯಿ ಪಲ್ಯ ಮಾಡಿ ನಗ್ತಾರೆ. ಯಾಕೆ ಅಂತ ಕೇಳಿದ್ರೆ "ಹರಕೆ" ಅಂತಾನೆ. ನಾಯಕರ ಹುಡುಗ ಬಾಡು ತಿನ್ನಂಗಿಲ್ಲ ಅಂತ ಅವನನ್ನ ಆಡ್ಕೊಳ್ಳುವಾಗೆಲ್ಲ ನಾನೂ ಅಲ್ಲೇ ಇರ್ತಿದ್ದೆ. ಬಡಿಸ್ತಿದ್ದೆ.

ಹೋಳಿಗೆ ಆದ ಮರುದಿನ ಅವನಿಗೆ ಫೋನ್ ಹಚ್ಚಿದೆ. ಅವನು ಹೊಲದಾಗಿದ್ದ. ಅದೂ ಇದೂ ಮಾತಾಡಿ, ಆಮೇಲೆ ಹೇಳಿದೆ. "ಅವತ್ತು ಕೋಡಿರ್ಲಿಲ್ಲ ಅಂತ ನನಗೆ ಕಂಡಿತ್ತು ತಮ್ಮಾ. ನಾನು ಹೇಳ್ಲಿಲ್ಲ. ಇಷ್ಟು ವರ್ಷ ನಿನ್ನ ಮ್ಯಾಲೇ ಬಿಟ್ಟೆ." ಅಳು ಬಂತು, ಸೆರಗು ಬಾಯಿಗೆ ಹಿಡ್ಕೊಂಡೆ.

ಅವನು ಸ್ವಲ್ಪ ಹೊತ್ತು ಏನೂ ಅನ್ಲಿಲ್ಲ. ಗಾಳಿ ಶಬ್ದ ಕೇಳ್ತಿತ್ತು. ಆಮೇಲೆ, "ನನಗೂ ಕಂಡಿತ್ತಕ್ಕ. ಅಪ್ಪ ಎರಡನೇ ಸಲ ಕೇಳಿದಾಗ ಹೂಂ ಅನ್ಬೇಕು ಅನ್ನಿಸ್ತು" ಅಂದ.

"ಅದಕ್ಕೇ ನಾನೂ ಅವತ್ತು ತಿನ್ನಲಿಲ್ಲ" ಅಂದೆ.

"ಸುಳ್ಳು ಹೇಳಬ್ಯಾಡ. ನೀನು ಎರಡು ಸಲ ಹಾಕಿಸಿಕೊಂಡೆ. ಮುದ್ದಿ ಸಾಲ್ದೆ ನನ್ನ ಮುದ್ದಿನೂ ತಗಂಡೆ" ಅಂದ.

ಇಷ್ಟು ವರ್ಷ ಅವತ್ತು ಉಂಡಿಲ್ಲ ಅಂತಾನೇ ನಾನು ನಂಬಿದ್ದೆ ನೋಡ್ರಿ. ಅವನು ಹೇಳಿದ ಕೂಡ್ಲೇ ಆ ಸಾರಿನ ಖಾರ, ಬಿಸಿ ಮುದ್ದಿ, ಹೊಟ್ಟಿ ತುಂಬಿ ನಿದ್ದೆ ಎಳೀತಿದ್ದದ್ದು ಎಲ್ಲ ನೆನಪಾತು. ಆ ವರ್ಷ ಹೊಟ್ಟಿ ತುಂಬ ಉಂಡ ರಾತ್ರಿ ಅದೊಂದೇ ಇರ್ಬೇಕು.

ಮೊಮ್ಮಗ ಕೇಳಿದ್ದನ್ನೂ ಹೇಳಿದೆ. "ಶಾಲಿ ರಜಾ ಬಿಡ್ಲಿ, ಕರ್ಕೊಂಡು ಬಾ. ಫಾರೆಸ್ಟಿನೋರನ್ನ ಕೇಳಿ ಹೋಗಾಣ, ಹಿಕ್ಕೆ ರಾಶಿನಾದ್ರೂ ತೋರಿಸ್ತೀನಿ. ಕೊಂಡುಕುರಿ ಕಂಡ್ರೆ ಅವನ ಪುಣ್ಯ" ಅಂದ.

ಬುತ್ತಿ ನಾನು ತರ್ತೀನಿ ಅಂದೆ. ಹುಡುಗ ತಿನ್ನೋ ಹಂಗೆ ಚಟ್ನಿಪುಡಿಗೆ ಖಾರ ಕಮ್ಮಿ ಹಾಕು ಅಂದ.